ಮೂರು ಸೆಕೆಂಡು ಸುಮ್ಮನಿರುವುದು

ಶಾಲಾ ಇಂಟರ್ನ್‌ಶಿಪ್‌ನ ಎರಡನೇ ವಾರ ನನ್ನ ಪಾಠ ನೋಡಲು ಕುಳಿತಿದ್ದ ಸಹಪಾಠಿ ವೀಕ್ಷಣಾ ಹಾಳೆ ತುಂಬುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿದಳು. ನಾನು ಪ್ರಶ್ನೆ ಕೇಳಿ ಮುಗಿಸಿದ ಕ್ಷಣದಿಂದ ಮತ್ತೆ ಬಾಯಿ ತೆರೆಯುವವರೆಗಿನ ಸಮಯವನ್ನು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಅಳೆದಳು. ನಲವತ್ತು ನಿಮಿಷದ ತರಗತಿಯಲ್ಲಿ ಮೂವತ್ತೊಂದು ಪ್ರಶ್ನೆ. ಬಹುಪಾಲು ಪ್ರಶ್ನೆಗಳಿಗೆ ಒಂದು ಸೆಕೆಂಡಿನ ಕಾಲಾವಕಾಶವೂ ಇರಲಿಲ್ಲ. ಅವುಗಳಲ್ಲಿ ಹತ್ತೊಂಬತ್ತಕ್ಕೆ ಉತ್ತರ ಹೇಳಿದ್ದು ನಾನೇ. ಊಟದ ಬಿಡುವಿನಲ್ಲಿ ಹಾಳೆ ಕೈಗಿಟ್ಟು, "ನೀನು ಪಾಠ ಮಾಡಿದ್ದು ನಿನಗೇ ಕಣೆ" ಎಂದಳು.

ಈ ಅಳತೆ ನಮಗೆ ಹೊಸದೇನಲ್ಲ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು ತೋರಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಆ ಕಾಯುವಿಕೆ ಮೂರು ಸೆಕೆಂಡಿಗೆ ಏರಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, 'ಗೊತ್ತಿಲ್ಲ' ಎನ್ನುವುದು ಕಡಿಮೆಯಾಗುತ್ತದೆ, ಮಕ್ಕಳೇ ಪ್ರಶ್ನೆ ಕೇಳತೊಡಗುತ್ತಾರೆ. 1974ರಲ್ಲಿ ಪ್ರಕಟವಾದ ಅವರ ಪ್ರಬಂಧಗಳ ಸಾರಾಂಶವನ್ನು ಬರೆದು ನಾನು ಪರೀಕ್ಷೆಯಲ್ಲಿ ಪೂರ್ಣ ಅಂಕವನ್ನೂ ಪಡೆದಿದ್ದೆ. ಅಂದರೆ ಮೂರು ಸೆಕೆಂಡು ಕಾಯಬೇಕೆಂಬುದು ಚೆನ್ನಾಗಿಯೇ ಗೊತ್ತಿತ್ತು. ಮರುದಿನ ಕಾಯಲು ಹೋದೆ, ಆಗಲಿಲ್ಲ. ಪ್ರಶ್ನೆ ಕೇಳಿದ ತಕ್ಷಣ ಕಿವಿ ಬಿಸಿಯಾಗುತ್ತದೆ, ಗಂಟಲು ಒಣಗುತ್ತದೆ, ನಲವತ್ತು ಜೊತೆ ಕಣ್ಣುಗಳು ನನ್ನನ್ನೇ ಪರೀಕ್ಷಿಸುತ್ತಿವೆ ಅನ್ನಿಸುತ್ತದೆ, ಉತ್ತರ ತಾನಾಗಿ ಬಾಯಿಂದ ಉದುರುತ್ತದೆ. ಸೂಕ್ಷ್ಮ ಬೋಧನೆಯ ಆರು ನಿಮಿಷದ ಪಾಠಗಳಲ್ಲಿ ಈ ಕಷ್ಟ ಬಂದಿರಲಿಲ್ಲ. ಅಲ್ಲಿ ವಿದ್ಯಾರ್ಥಿಗಳ ವೇಷ ಹಾಕಿ ಕುಳಿತವರು ನಮ್ಮ ಗೆಳೆಯರೇ, ಪಾಪ, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದರು.

ಅದೇ ಸಮಯಕ್ಕೆ 'ಅಂಡರ್‌ಸ್ಟ್ಯಾಂಡಿಂಗ್ ದ ಸೆಲ್ಫ್' ಪತ್ರಿಕೆಗಾಗಿ ಒಂದು ಅಭ್ಯಾಸವನ್ನು ಕೆಲವು ವಾರ ಮಾಡಿ ದಿನಚರಿ ಬರೆಯಬೇಕಿತ್ತು. ಹೆಚ್ಚಿನವರು ಯೋಗಾಸನ ತೆಗೆದುಕೊಂಡರು. ನಾನು ಧ್ಯಾನ ಆರಿಸಿಕೊಂಡೆ. ಕಾರಣ ಹೇಳಲು ನಾಚಿಕೆಯಿಲ್ಲ: ಕುಳಿತಲ್ಲೇ ಮುಗಿಯುತ್ತದೆ, ಬೆವರಬೇಕಿಲ್ಲ.

ನಮ್ಮ ಶಾಲೆ ಇದ್ದದ್ದು ಹುಣಸೂರು ತಾಲ್ಲೂಕಿನ ಗುರುಪುರದ ಹತ್ತಿರ. ಗುರುಪುರವೆಂದರೆ ಟಿಬೆಟಿಯನ್ನರ ನೆಲೆ, ಗ್ಯುಮೆ ತಾಂತ್ರಿಕ ಮಠದ ಊರು. 1433ರಲ್ಲಿ ಟಿಬೆಟ್‌ನಲ್ಲಿ ಶುರುವಾದ ಮಠ ನಿರಾಶ್ರಿತವಾಗಿ, ಹಿಮಾಚಲದ ಡಾಲ್‌ಹೌಸಿಯನ್ನು ದಾಟಿ, ಕೊನೆಗೆ ನಮ್ಮ ರಾಗಿ, ಜೋಳ, ಹೊಗೆಸೊಪ್ಪಿನ ಹೊಲಗಳ ನಡುವೆ ನೆಲೆಸಿತು. ಹಾಗಾಗಿ ಧ್ಯಾನ ಎಂದ ಕೂಡಲೇ ನಮ್ಮ ಬ್ಯಾಚಿನವರೆಲ್ಲ ನಾನು ಮಠಕ್ಕೆ ಹೋಗಿ ಬಿಕ್ಷುಗಳ ಮುಂದೆ ಕುಳಿತೆ ಎಂದೇ ತಿಳಿದರು. ನಾನು ಕಲಿತದ್ದು ಬಸ್ಸಿಗೆ ಕಾಯುವ ಚಹಾದಂಗಡಿಯಲ್ಲಿ, ನಿವೃತ್ತ ಟಿಬೆಟಿಯನ್ ಶಿಕ್ಷಕಿಯೊಬ್ಬರಿಂದ. ಅವರ ಕನ್ನಡ ನನ್ನ ಕನ್ನಡಕ್ಕಿಂತ ಹುಣಸೂರಿನ ಕಡೆಯದು. ದಿನವೂ ಸಂಜೆ ಅದೇ ಬೆಂಚಿನಲ್ಲಿ ಪಾಠಯೋಜನೆ ಬರೆಯುತ್ತಿದ್ದ ನನ್ನನ್ನು ನೋಡಿ ಅವರೇ ಮಾತಿಗೆಳೆದಿದ್ದರು.

ಅವರು ಕೊಟ್ಟ ಸೂಚನೆ ಒಂದು ಚೀಟಿಗೆ ಹಿಡಿಸುವಷ್ಟು. ಬೆನ್ನು ನೇರ ಇರಲಿ, ಗೋಡೆಗೆ ಒರಗಬೇಡ. ಕಣ್ಣು ಪೂರ್ತಿ ಮುಚ್ಚಬೇಡ, ಮುಂದಿನ ನೆಲ ಕಾಣುವಷ್ಟು ತೆರೆದಿರಲಿ. ಉಸಿರನ್ನು ಎಳೆಯಬೇಡ, ಬಿಗಿಹಿಡಿಯಬೇಡ, ಬರುವಂತೆ ಬರಲಿ. ಹೊರಗೆ ಹೋದಾಗ ಒಂದು, ಮತ್ತೆ ಹೋದಾಗ ಎರಡು. ಇಪ್ಪತ್ತೊಂದರವರೆಗೆ. ತಪ್ಪಿದರೆ ಬೈದುಕೊಳ್ಳದೆ ಒಂದರಿಂದ.

"ಮಂತ್ರ ಬೇಡ್ವಾ ಮೇಡಂ?" ಎಂದೆ.

"ಮಂತ್ರ ನಂದು. ನೀನು ಬಿ.ಎಸ್ಸಿ. ಓದಿದೀಯಲ್ಲ, ನಿಂಗೆ ಎಣಿಕೆ ಸಾಕು" ಎಂದು ನಕ್ಕರು.

ಮೊದಲ ಬೆಳಿಗ್ಗೆ ನಾಲ್ಕಕ್ಕೆ ಹೋಗಿ ನಿಂತೆ. ಐದನೆಯ ಉಸಿರಿನ ಹೊತ್ತಿಗೆ ನಾನು ಹುಣಸೂರಿನ ಸ್ಟೇಷನರಿ ಅಂಗಡಿಯಲ್ಲಿ ಚಾರ್ಟ್ ಪೇಪರಿನ ಬೆಲೆ ಕೇಳುತ್ತಿದ್ದೆ. ಎರಡನೇ ದಿನ ಆರು, ಮೂರನೇ ದಿನ ಮತ್ತೆ ಮೂರು. ಮಂಡಿ ನೋವು, ಕಿವಿಯ ಹಿಂದೆ ತುರಿಕೆ, ಮನೆ ಮಾಲೀಕರ ಕುಕ್ಕರಿನ ಸೀಟಿ. ದಿನಚರಿಯಲ್ಲಿ 'ಮನಸ್ಸು ಪ್ರಶಾಂತವಾಯಿತು' ಎಂದು ಬರೆಯಲು ಬಹಳ ಆಸೆಯಾಯಿತು, ಏಕೆಂದರೆ ಹಿಂದಿನ ಬ್ಯಾಚಿನವರ ದಿನಚರಿಗಳಲ್ಲೆಲ್ಲ ಮೊದಲ ವಾರವೇ ಪ್ರಶಾಂತವಾಗಿದೆ. ನನ್ನದು ಆಗಲಿಲ್ಲ. ಹತ್ತನೇ ದಿನ ಇಪ್ಪತ್ತೊಂದು ಮುಟ್ಟಿದೆ. ಮುಟ್ಟಿದ ಮೇಲೆ ನೋಡಿದರೆ, ಎಣಿಸುತ್ತಿರುವಾಗಲೇ ನಾನು ಒಂದು ಇಡೀ ಪಾಠದ ಕಪ್ಪುಹಲಗೆ ಕೆಲಸವನ್ನು ಮನಸ್ಸಿನಲ್ಲಿ ಯೋಜಿಸಿ ಮುಗಿಸಿದ್ದೆ! ಸಂಜೆ ಇದನ್ನು ಹೇಳಿದಾಗ ಮೇಡಂ, "ಮಗ್ಗಿ ಹೇಳ್ತಾ ಕಿಟಕಿ ಆಚೆ ನೋಡೋ ಮಕ್ಳನ್ನ ನೀನು ನೋಡಿಲ್ವಾ? ಅದೇ ಇದು. ಒಂದರಿಂದ ಶುರು ಮಾಡು" ಎಂದರು.

ಎಣಿಕೆ ತಪ್ಪುವುದನ್ನು ನಾನು ಸೋಲೆಂದುಕೊಂಡಿದ್ದೆ. ನಿಧಾನವಾಗಿ ಅರ್ಥವಾದದ್ದು: ತಪ್ಪಿದ್ದು ಗೊತ್ತಾಗುವ ಕ್ಷಣವೇ ಇಲ್ಲಿ ಅಭ್ಯಾಸ, ಉಳಿದದ್ದು ಬರೀ ಕುಳಿತಿರುವುದು. ವಿಲಿಯಂ ಜೇಮ್ಸ್ 1890ರ ಮನೋವಿಜ್ಞಾನ ಗ್ರಂಥದಲ್ಲಿ, ಅಲೆಯುವ ಗಮನವನ್ನು ಮತ್ತೆ ಮತ್ತೆ ಕರೆತರುವ ಶಕ್ತಿಯನ್ನು ಬೆಳೆಸುವ ಶಿಕ್ಷಣವೇ ಎಲ್ಲಕ್ಕಿಂತ ಮಿಗಿಲು ಎಂಬರ್ಥದಲ್ಲಿ ಬರೆದು, ಅದನ್ನು ಬೆಳೆಸುವ ದಾರಿ ಹೇಳುವುದು ಮಾತ್ರ ಸುಲಭವಲ್ಲ ಎಂದು ಒಪ್ಪಿಕೊಂಡಿದ್ದಾರೆ. 1979ರಲ್ಲಿ ಜಾನ್ ಕಬಾಟ್-ಜಿನ್ ಮೆಸಾಚುಸೆಟ್ಸ್‌ನ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಕಲಿಸತೊಡಗಿದ್ದೂ ದೇವರು, ಗುರು ಯಾರನ್ನೂ ಕರೆಯದ ಇಂಥದೇ ಅಭ್ಯಾಸ. ಬೈಲಕುಪ್ಪೆ, ಮುಂಡಗೋಡದ ದೊಡ್ಡ ಮಠಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಬಿಕ್ಷುಗಳು ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಭೌತಶಾಸ್ತ್ರ, ಜೀವಶಾಸ್ತ್ರ ಕಲಿಯುತ್ತಿದ್ದಾರೆ. ಅವರು ನನ್ನ ವಿಷಯ ಕಲಿಯುವಾಗ ನಾನು ಅವರ ಅಂಗಳದ ಅ ಆ ಕಲಿಯುವುದರಲ್ಲಿ ತಪ್ಪೇನು ಎಂದು ಸಮಾಧಾನ ಮಾಡಿಕೊಂಡೆ.

ಸಮಾಧಾನ ಹೆಚ್ಚಾಗಿ ಉತ್ಸಾಹವಾಯಿತು. ಇಲ್ಲಿಂದ ಮುಂದಿನದು ನನ್ನ ತಪ್ಪು.

ದೆಹಲಿ ಸರ್ಕಾರ 2018ರಲ್ಲಿ ತನ್ನ ಶಾಲೆಗಳಲ್ಲಿ ಶುರು ಮಾಡಿದ ಹ್ಯಾಪಿನೆಸ್ ಪಠ್ಯಕ್ರಮದ ತರಗತಿ ಕೆಲವು ನಿಮಿಷಗಳ ಗಮನದ ಅಭ್ಯಾಸದಿಂದ ಆರಂಭವಾಗುತ್ತಿತ್ತು. ಅಲ್ಲಿ ಆಗುವುದಾದರೆ ಇಲ್ಲೇಕೆ ಆಗಬಾರದು ಎಂದು, ಯಾರನ್ನೂ ಕೇಳದೆ, ಒಂಬತ್ತನೇ ತರಗತಿಯಲ್ಲಿ ಐದು ನಿಮಿಷ 'ಉಸಿರು ಎಣಿಸಿ' ಎಂದು ಕೂರಿಸಿದೆ. ಸದ್ದಾಗದಿರಲೆಂದು ಕಣ್ಣು ಮುಚ್ಚಲೂ ಹೇಳಿದೆ. ಮುಂದಿನ ಸಾಲಿನ ಹುಡುಗಿ ಕಣ್ಣು ಮುಚ್ಚದೆ, "ಇದು ಪೂಜೆನಾ ಮಿಸ್? ನಮ್ಮನೇಲಿ ಕೇಳ್ಬೇಕು" ಎಂದಳು. ನಾನು ಉತ್ತರಿಸುವ ಮೊದಲೇ ಮೂರನೇ ಬೆಂಚಿನಿಂದ ಗೊರಕೆ ಕೇಳಿಸಿತು. ತರಗತಿ ಭೋರೆಂದು ನಕ್ಕಿತು. ಕಿವಿ ಬಿಸಿಯಾಯಿತು. "ನಿದ್ದೆ ಮಾಡೋಕೆ ಮನೆ ಇಲ್ವಾ? ಇಲ್ಲಿಗ್ಯಾಕೆ ಬರ್ತೀಯ?" ಎಂದುಬಿಟ್ಟೆ. ಹುಡುಗ ಎದ್ದು ನಿಂತು ಬಾಯಿ ಒರೆಸಿಕೊಂಡ. ಇಪ್ಪತ್ತು ದಿನ ಉಸಿರು ಎಣಿಸಿದವಳ ಬಾಯಿಂದ ಬಂದ ಮಾತು ಅದು. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮುಖ್ಯ ಶಿಕ್ಷಕರು ಕರೆಸಿದರು, ಗದರಲಿಲ್ಲ. ಸಂವಿಧಾನದ 28ನೇ ವಿಧಿಯನ್ನು ನೆನಪಿಸಿದರು: ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲೂ, ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ. ಮಗುವಾದರೆ ಪೋಷಕರು ಒಪ್ಪಬೇಕು. "ಇದರಲ್ಲಿ ಧರ್ಮ ಇಲ್ಲ ಸಾರ್" ಎಂದೆ. "ಇಲ್ಲ ಅಂತ ನಿಮಗೆ ಗೊತ್ತು. ಆ ಹುಡುಗಿಗೆ ಹೇಳಿದ್ರಾ?" ಎಂದರು. ಹೇಳಿರಲಿಲ್ಲ. ಮಠದ ಊರಿನಲ್ಲಿ ಕಣ್ಣು ಮುಚ್ಚಿ ಕೂರಿಸಿದರೆ ಮಕ್ಕಳಿಗೆ ಏನು ಅನ್ನಿಸುತ್ತದೆ ಎಂದು ಯೋಚಿಸಿಯೂ ಇರಲಿಲ್ಲ. ತರಗತಿಯ ಧ್ಯಾನ ಅಲ್ಲಿಗೇ ನಿಂತಿತು. ನಿಂತದ್ದು ಒಳ್ಳೆಯದೇ ಎಂದು ಈಗಲೂ ನನ್ನ ಅಭಿಪ್ರಾಯ. ಎರಡು ವಾರ ಕಲಿತದ್ದನ್ನು ಮೂರನೇ ವಾರ ಕಲಿಸಹೊರಡುವ ಚಟ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಸ್ವಲ್ಪ ಹೆಚ್ಚು.

ಹುಡುಗನ ವಿಷಯ ಸಿಬ್ಬಂದಿ ಕೊಠಡಿಯಲ್ಲಿ ತಿಳಿಯಿತು. ಅದು ಬ್ಯಾರನ್ ಹಚ್ಚುವ ಕಾಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಜಿಲ್ಲೆಯ ಓದುಗರಿಗಾಗಿ ಹೇಳುತ್ತೇನೆ. ವರ್ಜೀನಿಯಾ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಪೋಣಿಸಿ, ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ತೂಗುಹಾಕಿ, ಹೊರಗಿನ ಒಲೆಯಿಂದ ಕೊಳವೆಗಳ ಮೂಲಕ ಶಾಖ ಕೊಡುತ್ತಾರೆ. ಮೊದಲು ಕಡಿಮೆ ಶಾಖದಲ್ಲಿ, ತೇವ ಉಳಿಸಿಕೊಂಡು, ಎಲೆಗೆ ಹಳದಿ ಬರಿಸಬೇಕು. ಆಮೇಲೆ ಶಾಖ ಏರಿಸುತ್ತಾ ಎಲೆ ಒಣಗಿಸಬೇಕು, ಕೊನೆಗೆ ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತಂದು ನಡುವಿನ ದಂಟು ಒಣಗಿಸಬೇಕು. ಒಂದು ಸಲ ತುಂಬಿದ ಬ್ಯಾರನ್‌ಗೆ ಸುಮಾರು ಒಂದು ವಾರ. ಶಾಖ ಅವಸರದಲ್ಲಿ ಏರಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ಹರಾಜಿನಲ್ಲಿ ಬೆಲೆ ಬರುವುದಿಲ್ಲ. ಹಾಗಾಗಿ ರಾತ್ರಿಯೆಲ್ಲ ಒಬ್ಬರು ಎಚ್ಚರವಿದ್ದು ಸೌದೆ ಹಾಕುತ್ತಾ ಥರ್ಮಾಮೀಟರ್ ನೋಡಬೇಕು. ಅವನ ಮನೆಯಲ್ಲಿ ಆ ಒಬ್ಬರು ಅವನೇ. ತಂದೆ ಸೊಂಟ ಮುರಿದುಕೊಂಡು ಮಲಗಿದ್ದರು.

ರಾತ್ರಿಯಿಡೀ ಕಣ್ಣು ತೆರೆದಿದ್ದ ಹುಡುಗನಿಗೆ ನಾನು ಬೆಳಿಗ್ಗೆ ಕಣ್ಣು ಮುಚ್ಚಲು ಹೇಳಿದ್ದೆ.

ಅವನು ಐದು ದಿನದ ನಂತರ ಬಂದ. ಬಿಡುವಿನಲ್ಲಿ ಕರೆದು ತಪ್ಪಾಯಿತು ಎಂದೆ. "ಪರ್ವಾಗಿಲ್ಲ ಮಿಸ್" ಎಂದು ನೆಲ ನೋಡಿದ. ಅವನಿಗೆ ಅಲ್ಲಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು, ನನಗೂ.

ಆ ವಾರದ ಪಾಠ ಆವಿಯಾಗುವಿಕೆ. ಒಂಬತ್ತನೇ ತರಗತಿಯ ಮೊದಲ ಘಟಕದ ಈ ಭಾಗವನ್ನು ಶಾಲೆಯ ವಿಜ್ಞಾನ ಶಿಕ್ಷಕರು ನನಗಾಗಿ ಉಳಿಸಿದ್ದರು. ಬೆಳಿಗ್ಗೆ ಎಣಿಸುವಾಗ ಒಮ್ಮೆ ಗಡಿಯಾರ ನೋಡಿದ್ದೆ: ನನ್ನ ಒಂದು ಉಸಿರು, ಒಳಗೂ ಹೊರಗೂ ಸೇರಿ, ನಾಲ್ಕು ಸೆಕೆಂಡಿನ ಹತ್ತಿರ. ಸೆಕೆಂಡು ಎಣಿಸಿಕೊಂಡು ತರಗತಿಯಲ್ಲಿ ನಿಲ್ಲುವುದು ನನ್ನಿಂದಾಗಿರಲಿಲ್ಲ. ಪ್ರಶ್ನೆಯಾದ ಮೇಲೆ ಒಂದು ಉಸಿರು ಎಂದರೆ ಮಾತ್ರ ಸಾಧ್ಯ ಅನ್ನಿಸಿತು. ಎರಡು ಥರ್ಮಾಮೀಟರ್ ಹಿಡಿದು, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತಿನ ನಂತರ ಮಕ್ಕಳಿಂದಲೇ ಓದಿಸಿದೆ. ಒದ್ದೆಯದು ಕಡಿಮೆ ತೋರಿಸಿತು. "ಯಾಕೆ?"

ಉಸಿರು ಒಳಗೆ ಬಂತು. ಕಿವಿ ಬಿಸಿಯಾಯಿತು, ಅದು ಬಿಸಿಯಾದದ್ದು ಗೊತ್ತಾಯಿತು. ಉಸಿರು ಹೊರಗೆ ಹೋಯಿತು. ಯಾರೂ ಮಾತಾಡಲಿಲ್ಲ. ಇನ್ನೊಂದು ಉಸಿರು.

"ಬ್ಯಾರನ್‌ನಲ್ಲೂ ಹಿಂಗೇ ಎರಡು ಇರ್ತವೆ ಮಿಸ್" ಎಂದಿತು ಮೂರನೇ ಬೆಂಚು. "ಮೊದ್ಲು ಎರಡೂ ಹತ್ರ ಹತ್ರ ಇರ್ತವೆ. ಸೊಪ್ಪು ಒಣಗ್ತಾ ಒಣಗ್ತಾ ದೂರ ದೂರ ಆಯ್ತವೆ."

ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. 'ಹೌದು, ಏಕೆಂದರೆ' ಎಂದು ಶುರು ಮಾಡಲು ನಾಲಿಗೆ ಎದ್ದಿತ್ತು. ತಡೆದೆ. ಅವನೇ ಮುಂದುವರಿಸಿದ: "ಶುರುವಲ್ಲಿ ಒಳಗಡೆ ಗಾಳೀಲೇ ನೀರು ತುಂಬ್ಕೊಂಡಿರತ್ತಲ್ಲ, ಬಟ್ಟೆ ನೀರು ಎಲ್ಲೋಗತ್ತೆ?"

ಗಾಳಿಯ ಆರ್ದ್ರತೆ ಹೆಚ್ಚಿದಷ್ಟೂ ಆವಿಯಾಗುವಿಕೆ ನಿಧಾನ, ಆದ್ದರಿಂದ ತಂಪೂ ಕಡಿಮೆ. ಮರುದಿನಕ್ಕೆಂದು ನಾನು ಚಾರ್ಟ್ ಬರೆದಿಟ್ಟಿದ್ದೆ. ಆ ಚಾರ್ಟ್ ಬಿಡಿಸಲೇ ಇಲ್ಲ. ಪೂಜೆನಾ ಎಂದು ಕೇಳಿದ್ದ ಹುಡುಗಿ, ಹಾಗಾದರೆ ಮಳೆಗಾಲದಲ್ಲಿ ಮಡಕೆ ನೀರು ಅಷ್ಟು ತಣ್ಣಗಿರಲ್ವಾ ಎಂದು ಅವನನ್ನೇ ಕೇಳಿದಳು, ನನ್ನನ್ನಲ್ಲ.

ಆ ತರಗತಿಯ ವೀಕ್ಷಣಾ ಹಾಳೆಯಲ್ಲಿ ಮಾರ್ಗದರ್ಶಕರು 'ಪಾಠದ ಗತಿ ನಿಧಾನ, ಪ್ರಶ್ನೆಗಳ ನಡುವೆ ಅನಗತ್ಯ ವಿರಾಮ' ಎಂದು ಬರೆದು ಅಂಕ ಕಳೆದರು. ಬೇಸರವಾಯಿತು. ನಮ್ಮ ಹಾಳೆಯಲ್ಲಿ ಪ್ರಶ್ನೆಗಳ ಸಂಖ್ಯೆಗೆ, ಹಂಚಿಕೆಗೆ, ಸ್ಪಷ್ಟತೆಗೆ ಅಂಕಣವಿದೆ, ಕಾಯುವುದಕ್ಕೆ ಇಲ್ಲ. ಸೇರಿಸಬಹುದೇ ಎಂದು ಈ ಪುಟದ ಮೂಲಕ ಕೇಳುತ್ತಿದ್ದೇನೆ. ಸಹಪಾಠಿ ಮಾತ್ರ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಳು: ಹದಿನಾಲ್ಕು ಪ್ರಶ್ನೆ, ಸರಾಸರಿ ಮೂರೂವರೆ ಸೆಕೆಂಡು, ನೀನೇ ಉತ್ತರಿಸಿದ್ದು ಎರಡು.

ಹುಡುಗ ಮುಂದಿನ ವಾರವೂ ಎರಡು ದಿನ ಬರಲಿಲ್ಲ. ಬಂದ ದಿನ ಕೊನೆಯ ಅವಧಿಯಲ್ಲಿ ಮತ್ತೆ ನಿದ್ದೆಹೋದ. ಪಕ್ಕದವನು ತಿವಿಯಲು ಹೋದಾಗ ಬೇಡವೆಂದು ಕೈಸನ್ನೆ ಮಾಡಿದೆ. ಎಬ್ಬಿಸಬೇಕಿತ್ತೇ, ಮಲಗಲು ಬಿಟ್ಟದ್ದು ಸರಿಯೇ ಎಂಬುದು ನನಗೆ ತೀರ್ಮಾನವಾಗಿಲ್ಲ. ಮನೆಗೆ ಹೋಗಿ ಮಾತಾಡುತ್ತೇನೆಂದು ತರಗತಿ ಶಿಕ್ಷಕರು ಹೇಳಿದರು. ಅಷ್ಟರಲ್ಲಿ ನಮ್ಮ ಇಂಟರ್ನ್‌ಶಿಪ್ ಮುಗಿಯಿತು.

ಬೆಳಿಗ್ಗೆ ಕೂರುವುದನ್ನು ಬಿಟ್ಟಿಲ್ಲ. ಇದನ್ನು ಬರೆಯುವ ಮೊದಲು ಕುಳಿತಾಗ ಹನ್ನೊಂದರಲ್ಲಿ ಎಣಿಕೆ ತಪ್ಪಿತು. ಬ್ಯಾರನ್‌ನ ಒಲೆಗೆ ಈ ಹೊತ್ತಿನಲ್ಲಿ ಸೌದೆ ಹಾಕುತ್ತಿರುವವರು ಯಾರೋ ಎಂದು ಯೋಚಿಸುತ್ತಿದ್ದೆ. ಮತ್ತೆ ಒಂದರಿಂದ ಶುರು ಮಾಡಿದೆ.