ಬೇಲಿಯ ಕೆಂಪು

ಬೇಲಿಯ ಕೆಂಪನ್ನು ಓದುವ ಹವ್ಯಾಸಕ್ಕೆ ಬೇಕಾದುದು ತುಸು ಬಿಡುವು, ಬಾಗುವ ಬೆನ್ನು ಮತ್ತು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಷ್ಟು ಸಂಯಮ. ಬೀಜ ಬಲಿಯುವವರೆಗೆ ಕಾಯನ್ನು ಎಲೆಯ ಹಸಿರಿನಲ್ಲಿ ಮರೆಸಿಟ್ಟು, ಬಲಿತ ಮೇಲೆ ಅದನ್ನು ಕೆಂಪಾಗಿಸುವ ಗಿಡ ಹಕ್ಕಿಗಳನ್ನು ಉಣ್ಣಲು ಕರೆಯುತ್ತಿರುತ್ತದೆ. ಜೇನ್ನೊಣದ ಕಣ್ಣಿಗೆ ಬಹುಮಟ್ಟಿಗೆ ನಿಲುಕದ ಈ ಬಣ್ಣ ಪಿಕಳಾರ, ಕೋಗಿಲೆಗಳಿಗೆ ದೂರದಿಂದಲೇ ಎದ್ದು ಕಾಣುತ್ತದೆ, ಮತ್ತು ತಿರುಳುಂಡ ಹಕ್ಕಿ ಹಿಕ್ಕೆಯೊಡನೆ ಬೀಜವನ್ನು ಇನ್ನೊಂದು ಬೇಲಿಯ ಬುಡಕ್ಕೆ ಮುಟ್ಟಿಸಿ ಊಟದ ಋಣ ತೀರಿಸುತ್ತದೆ.

ಈ ಓದಿನ ಮೊದಲ ಪಾಠ ಕಾಡುತೊಂಡೆ. ಒಂದೇ ಅಂಡಾಶಯದಿಂದ ಬೆಳೆದು, ಒಳಗೆ ಗಟ್ಟಿ ಓಟೆಯಿಲ್ಲದೆ ಮೆತ್ತಗಾಗುವ ಹಣ್ಣನ್ನು ಸಸ್ಯಶಾಸ್ತ್ರ ಬೆರ್ರಿ ಎಂದು ಕರೆಯುವುದರಿಂದ ತೊಂಡೆಯೂ ಆ ಪಂಕ್ತಿಗೆ ಸೇರುತ್ತದೆ. ಇದರ ಕುಲನಾಮವಾದ 'ಕಾಕ್ಸಿನಿಯಾ' ಎಂಬುದರಲ್ಲಿ ಕಡುಗೆಂಪು ಎಂಬರ್ಥದ ಲ್ಯಾಟಿನ್ ಪದ ಅಡಗಿದೆ. ಸಂತೆಯಲ್ಲಿ ಎಳೆಯ ಹಸಿರು ತೊಂಡೆಯನ್ನು ಮಾತ್ರ ಕೊಂಡು ಪಲ್ಯ ಮಾಡುವವರಿಗೆ, ಸುಂದರಿಯ ತುಟಿಗೆ ಕವಿಗಳು ತೊಂಡೆಯನ್ನೇ ಏಕೆ ಹೋಲಿಸಿದರೆಂಬುದು ಒಗಟಾಗಿಯೇ ಉಳಿದೀತು. ಬೇಲಿಯ ಮೇಲೆ ಹಣ್ಣಾಗಿ, ಪಿಕಳಾರ ಕುಕ್ಕಿದಲ್ಲಿ ಒದ್ದೆ ಕೆಂಪು ತಿರುಳನ್ನು ತೆರೆದು ತೋರುವ ತೊಂಡೆಯನ್ನು ಕಂಡವರಿಗೆ 'ಬಿಂಬಾಧರ' ಎಂಬ ಪದಕ್ಕೆ ಅರ್ಥಕೋಶ ಬೇಕಾಗದು.

ಎರಡನೆಯದು ಕರಾವಳಿ, ಮಲೆನಾಡುಗಳ ಕೇಪಳ. ಲಿನೇಯಸ್ 1753ರಲ್ಲಿ ಇದಕ್ಕೆ ಕೊಟ್ಟ 'ಇಕ್ಸೋರಾ ಕಾಕ್ಸಿನಿಯಾ' ಎಂಬ ಹೆಸರಿನಲ್ಲೂ ಅದೇ ಕಡುಗೆಂಪು ಇದೆ, ಆದರೆ ಅದು ಹೂವಿನ ಕೆಂಪು. ಮಕ್ಕಳು ಅದರ ನೀಳ ಕೊಳವೆಯ ತುದಿಯಿಂದ ಮಕರಂದ ಹೀರಿ ಮುಗಿಸಿದ ಮೇಲೆ ಬಟಾಣಿ ಗಾತ್ರದ ಹಣ್ಣುಗಳ ಸರದಿ. ಸಿಹಿಗೆ ಒಗರು ಬೆರೆತ ಈ ಹಣ್ಣನ್ನು ಉಗುರಿನಿಂದ ಸೀಳಿದರೆ, ತೆಳುವಾದ ತಿರುಳಿನೊಳಗೆ ಎರಡು ಬೀಜಗಳು ಮುಖಕ್ಕೆ ಮುಖ ಒತ್ತಿ ಕುಳಿತಿರುತ್ತವೆ. ಕಾಫಿ ಹಣ್ಣನ್ನು ಬಿಡಿಸಿ ಬಲ್ಲವರು ಆ ಕೂಡಲೇ ಇವೆರಡರ ನಂಟಸ್ತಿಕೆಯನ್ನು ಗುರುತಿಸುತ್ತಾರೆ, ಏಕೆಂದರೆ ಕೇಪಳ ಕಾಫಿಯ ಕುಟುಂಬದ್ದೇ.

ಓದುಗನನ್ನು ನಿಜವಾಗಿ ಪರೀಕ್ಷಿಸುವುದು ಗುಲಗಂಜಿ. ಒಣಗಿ ಮುರುಟಿ ಬಾಯ್ಬಿಟ್ಟ ಕೋಡಿನಲ್ಲಿ ಕಪ್ಪು ಚುಕ್ಕೆಯೊಡನೆ ಹೊಳೆಯುವ ಅದು ಹಣ್ಣೇ ಅಲ್ಲ, ತಿರುಳಿಲ್ಲದ ಬರೀ ಬೀಜ. ಹಣ್ಣಿನ ವೇಷ ತೊಟ್ಟು ಹಕ್ಕಿಯನ್ನು ವಂಚಿಸುವುದೇ ಅದರ ಉಪಾಯವಿರಬಹುದೆಂದು ಸಸ್ಯವಿಜ್ಞಾನಿಗಳು ಊಹಿಸುತ್ತಾರೆ. ಗಟ್ಟಿ ಸಿಪ್ಪೆಯೊಳಗಿನ ಅಬ್ರಿನ್ ಎಂಬ ವಿಷ, ಬೀಜವನ್ನು ಅಗಿದು ನುಂಗಿದವರ ಪ್ರಾಣಕ್ಕೇ ಎರವಾಗಬಲ್ಲದು. ಆದರೂ, ಉಣಿಸಲು ಏನೂ ಇಲ್ಲದ ಈ ಕೆಂಪನ್ನೇ ಮನುಷ್ಯ ಹೆಕ್ಕಿ ತಂದು, ಸುಮಾರು 0.12 ಗ್ರಾಂ ತೂಗುವ ಅದರಿಂದ ತಲೆಮಾರುಗಳ ಕಾಲ ಚಿನ್ನ ತೂಗಿದ. 'ಗುಲಗಂಜಿಯಷ್ಟು' ಎಂಬ ಮಾತು ಇಂದಿಗೂ ಆ ತಕ್ಕಡಿಯ ನೆನಪನ್ನು ಹೊತ್ತಿದೆ. ತೊಂಡೆ, ಕೇಪಳಗಳ ಕೆಂಪಿಗೆ ಬೆಲೆ ಕಟ್ಟುವ ಕೆಲಸ ಮಾತ್ರ ಹಿಂದಿನಂತೆ ಪಿಕಳಾರದ ಕೊಕ್ಕಿನದೇ.