ಹಿಮ ಕಟ್ಟಿದ ಬಟ್ಟಲು

ಉತ್ತರ ಸ್ವೀಡನ್ನಿನ ಗುಡ್ಡವೊಂದರ ಗಾಳಿಯ ಲೆಕ್ಕ ನನ್ನ ಪಾಲಿಗೆ ಬಂದಾಗ ನಾನು ಕೆಲಸಕ್ಕೆ ಹೊಸಬ. ಅಲ್ಲಿ ಗಾಳಿಯಂತ್ರ ನಿಲ್ಲಿಸಬೇಕೇ ಬೇಡವೇ ಎಂಬುದು ಆ ಲೆಕ್ಕದ ಮೇಲೆ ನಿಂತಿತ್ತು. ಎತ್ತರದ ಕಂಬದ ತುದಿಯಲ್ಲಿ ಮೂರು ಬಟ್ಟಲುಗಳ ಗಾಳಿಮಾಪಕ. 10 ನಿಮಿಷಕ್ಕೊಂದು ಸರಾಸರಿ ಕಳಿಸುತ್ತಿತ್ತು. ನಾನು ಚಿತ್ರದುರ್ಗದ ಕಡೆಯ ಅಂಕಿಗಳನ್ನು ಓದಿ ಕಲಿತವನು. ಅಲ್ಲಿ ಬಟ್ಟಲು ನಿಧಾನವಾದರೆ ಗಾಳಿ ನಿಧಾನವಾಗಿದೆ ಎಂದೇ ಅರ್ಥ. ಜನವರಿಯ ಮೂರು ದಿನ ವೇಗ ಮೆಲ್ಲಗೆ ಇಳಿಯುತ್ತಾ ಹೋಗಿ ಸೊನ್ನೆಗೆ ನಿಂತಿತ್ತು. 'ಗಾಳಿಯಿಲ್ಲದ ದಿನಗಳು' ಎಂದು ಬರೆದು ವರದಿ ಕಳಿಸಿಬಿಟ್ಟೆ.

ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಗಾಳಿಯ ದಿಕ್ಕು ನೋಡಿದೆಯಾ?"

ನೋಡಿದೆ. 30 ಗಂಟೆ ದಿಕ್ಕು ಒಂದು ಡಿಗ್ರಿಯೂ ಅಲುಗಿರಲಿಲ್ಲ. ಉಷ್ಣಾಂಶ ಸೊನ್ನೆಗಿಂತ ಕೆಳಗಿತ್ತು. ಅಂಥ ಚಳಿಯಲ್ಲೂ ಮೋಡದ ಹನಿಗಳು ನೀರಾಗಿಯೇ ಉಳಿದಿರುತ್ತವೆ. ಏನಾದರೂ ತಾಕಿದ ಕ್ಷಣ ಹೆಪ್ಪುಗಟ್ಟುತ್ತವೆ. ಬಟ್ಟಲು ಭಾರವಾಗುತ್ತದೆ, ಅದರ ಆಕಾರ ಕೆಡುತ್ತದೆ, ಕೊನೆಗೆ ತಿರುಗುವುದೇ ನಿಲ್ಲುತ್ತದೆ. ಪೂರ್ತಿ ನಿಂತರೆ ಅನುಮಾನವಾದರೂ ಬರಬೇಕು. ನನಗೆ ಅದೂ ಬರಲಿಲ್ಲ. ಅದಕ್ಕೂ ಮೊದಲು ಸೆಕೆಂಡಿಗೆ 12 ಮೀಟರ್ ಇದ್ದದ್ದನ್ನು 9 ಎನ್ನುತ್ತದಲ್ಲ, ಆ 9 ನಂಬುವಂತೆಯೇ ಇರುತ್ತದೆ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗ ಕಾಲುಭಾಗ ತಗ್ಗಿದರೆ ಶಕ್ತಿ ಅರ್ಧಕ್ಕಿಂತ ಕಡಿಮೆ ಕಾಣುತ್ತದೆ.

ಆಮೇಲೆ ಅಮೆರಿಕದ ಮೌಂಟ್ ವಾಷಿಂಗ್ಟನ್ ವೀಕ್ಷಣಾಲಯದ ಕಥೆ ಓದಿದೆ. 1934ರ ಏಪ್ರಿಲ್ 12ರ ನಸುಕಿನಲ್ಲಿ ವೆಂಡೆಲ್ ಸ್ಟೀಫನ್ಸನ್ ನೋಡಿದಾಗ ಮಾಪಕ ಗಂಟೆಗೆ 105 ಮೈಲಿ ತೋರಿಸುತ್ತಿತ್ತು. ಹೊರಗಿನ ಅಬ್ಬರಕ್ಕೆ ಅದು ಕಡಿಮೆ ಎನಿಸಿತು. ಮರದ ದೊಣ್ಣೆ ಹಿಡಿದು ಬಿರುಗಾಳಿಗೆ ಇಳಿದ. ಏಣಿ ಹತ್ತಿ ಹಿಮ ಒಡೆದ. ಒಳಗೆ ಬಂದು ನೋಡಿದರೆ ಸುಮಾರು 150! ಬಿಸಿ ಮಾಡುವ ಏರ್ಪಾಡಿದ್ದ ಮಾಪಕ ಅದು. ಆದರೂ ಹಿಮ ಕಟ್ಟಿತ್ತು. ಅದೇ ಮಧ್ಯಾಹ್ನ ಅಲ್ಲಿ 231 ಮೈಲಿ ದಾಖಲಾಯಿತು. 1996ರಲ್ಲಿ ಆಸ್ಟ್ರೇಲಿಯಾದ ಬ್ಯಾರೋ ದ್ವೀಪದ ಚಂಡಮಾರುತದಲ್ಲಿ 253 ಮೈಲಿ ದಾಖಲಾಗುವವರೆಗೂ ಆ ದಾಖಲೆಯನ್ನು ಸುಂಟರಗಾಳಿ ಬಿಟ್ಟರೆ ಬೇರಾವ ಗಾಳಿಯೂ ಮುರಿದಿರಲಿಲ್ಲ.

ಅವನು ಅಂಕಿಯ ಜೊತೆಗೆ ಗಾಳಿಯ ಸದ್ದನ್ನೂ ಕೇಳಿದ್ದ. ನನ್ನ ಕೋಣೆಯ ಕಿಟಕಿ ಮುಚ್ಚಿತ್ತು. ಗುಡ್ಡ ನೂರಾರು ಕಿಲೋಮೀಟರ್ ದೂರವಿತ್ತು.

ವರದಿಯನ್ನು ವಾಪಸ್ ತರಿಸಿಕೊಂಡೆ. ಆ ಮೂರು ದಿನಗಳ ಅಂಕಿಗಳನ್ನು ಅಳಿಸಿ ಖಾಲಿ ಬಿಟ್ಟೆ. ಸೊನ್ನೆ ಎಂದರೆ ಗಾಳಿ ಇರಲಿಲ್ಲ ಎಂದು. ಖಾಲಿ ಎಂದರೆ ನಮಗೆ ತಿಳಿಯಲಿಲ್ಲ ಎಂದು. ಇವೆರಡರ ನಡುವಿನ ಅಂತರ ನನಗೆ ಗೊತ್ತಾದದ್ದು ಆವತ್ತು.