ತಟ್ಟೆಯೊಳಗಣ ಮರ

ಗೃಹಪ್ರವೇಶದ ಮನೆಗೆ ಉಡುಗೊರೆಯಾಗಿ ಬರುವ ವಸ್ತುಗಳ ಸಾಲಿಗೆ ಈಗ ಕುಬ್ಜ ಮರವೂ ಸೇರಿದೆ. ಗೇಣುದ್ದದ ಮರ, ಅಂಗೈಯಗಲದ ತಟ್ಟೆ. ಯಜಮಾನರು ಅದನ್ನು ಪಡಸಾಲೆಯ ಮೂಲೆಯ ಮೇಜಿನ ಮೇಲೆ ಇರಿಸುತ್ತಾರೆ, ಬಂದವರೆಲ್ಲ ಬೆರಗಾಗುತ್ತಾರೆ. ತಿಂಗಳು ತುಂಬುವ ಮೊದಲೇ ಎಲೆಗಳು ಉದುರತೊಡಗುತ್ತವೆ. ಆಗ ತೋಟಗಾರನಿಗೆ ಕರೆ ಹೋಗುತ್ತದೆ. ‘ಇದು ಯಾವ ಮರ, ಸ್ವಾಮಿ?’ ಎಂದು ಆತ ಕೇಳಿದರೆ, ‘ಬೋನ್ಸಾಯ್’ ಎಂಬ ಉತ್ತರ ಬರುತ್ತದೆ.

ಬೋನ್ಸಾಯ್ ಎಂಬುದು ಮರದ ಜಾತಿಯಲ್ಲ. ಜಪಾನೀ ಭಾಷೆಯಲ್ಲಿ ಆ ಮಾತಿಗೆ ತಟ್ಟೆಯಲ್ಲಿ ನೆಟ್ಟದ್ದು ಎಂದರ್ಥ. ಚೀನದಲ್ಲಿ ಹುಟ್ಟಿದ ಈ ಕಲೆಯನ್ನು ತಿದ್ದಿ ಬೆಳೆಸಿದವರು ಜಪಾನೀಯರು. ಬಯಲಿನಲ್ಲಿ ಮುಗಿಲೆತ್ತರ ಬೆಳೆಯಬಲ್ಲ ಮರವೇ ಇಲ್ಲಿ ಬೇರು ಸವರಿಸಿಕೊಂಡು, ರೆಂಬೆ ಕತ್ತರಿಸಿಕೊಂಡು ಗಿಡ್ಡಾಗಿ ನಿಂತಿರುತ್ತದೆ. ಅದರ ಬೀಜವನ್ನು ನೆಲದಲ್ಲಿ ಬಿತ್ತಿದರೆ ಹೆಮ್ಮರವೇ ಆದೀತು. ಗಾತ್ರ ಕುಗ್ಗಿದೆಯೇ ಹೊರತು ಸ್ವಭಾವ ಕುಗ್ಗಿಲ್ಲ. ಆದುದರಿಂದ ಆರೈಕೆಗೆ ಮೊದಲು ಗುರುತು ಹಿಡಿಯುವುದು ಅವಶ್ಯ.

ಎಲೆ ಸೂಜಿಯಂತಿದ್ದರೆ ಅದು ಪೈನ್ ಇರಬಹುದು. ಪುಟ್ಟ ಹುರುಪೆಗಳನ್ನು ಒತ್ತಾಗಿ ಜೋಡಿಸಿದಂತಿದ್ದರೆ ಜೂನಿಪರ್. ಇವು ಬಿಸಿಲು, ಗಾಳಿ, ಚಳಿಗಳನ್ನು ಬೇಡುವ ಬಯಲುವಾಸಿಗಳು. ಕೋಣೆಯಲ್ಲಿ ಬಹುಕಾಲ ಬಾಳಲಾರವು. ಜಪಾನಿನಲ್ಲಿ ಸಹ ಇಂಥ ಮರಗಳನ್ನು ಸ್ವಲ್ಪ ಕಾಲ ಮಾತ್ರ ಒಳಗಿಟ್ಟು ನೋಡಿ, ಮರಳಿ ಅಂಗಳಕ್ಕೆ ಒಯ್ಯುತ್ತಾರೆ. ಎಲೆಯನ್ನು ಚಿವುಟಿದೊಡನೆ ಹಾಲು ಒಸರಿದರೆ, ಚಿಗುರಿನ ತುದಿ ಚೂಪಾದ ಪೊರೆಯಲ್ಲಿ ಸುತ್ತಿಕೊಂಡಿದ್ದರೆ, ಪೊರೆ ಕಳಚಿದೆಡೆ ಕೊಂಬೆಯ ಸುತ್ತ ಉಂಗುರದಂಥ ಗುರುತು ಉಳಿದಿದ್ದರೆ ಅದು ಆಲ, ಅರಳಿ, ಅತ್ತಿ, ಬಸರಿಗಳ ಬಳಗಕ್ಕೆ ಸೇರಿದ್ದು. ಮನೆಯೊಳಗಿನ ಬಾಳಿಗೆ ಹೊಂದಿಕೊಳ್ಳುವುದರಲ್ಲಿ ಈ ಬಳಗವೇ ಮೇಲು. ಬೆಂಗಳೂರಿನ ಸಮೀಪದ ಕೇತೋಹಳ್ಳಿಯಲ್ಲಿ ಎಕರೆಗಟ್ಟಲೆ ನೆಲವನ್ನು ಆವರಿಸಿರುವ ದೊಡ್ಡ ಆಲದ ಮರದ ಬಂಧುವೊಂದು ಕಿಟಕಿಯ ಬಳಿ ಗೇಣುದ್ದವಾಗಿ ನಿಂತಿರುವುದು ಸೋಜಿಗವೇ ಸರಿ!

ಕಿಟಕಿಯ ಬಳಿ ಎಂಬ ಮಾತನ್ನು ಮರೆಯಬಾರದು. ಮನುಷ್ಯನ ಕಣ್ಣಿಗೆ ಸಾಕಾಗುವ ಬೆಳಕು ಮರದ ಹೊಟ್ಟೆಗೆ ಸಾಲದು. ನೀರಿನ ವಿಷಯದಲ್ಲಂತೂ ಅತಿಪ್ರೀತಿಯೂ ಅಲಕ್ಷ್ಯದಷ್ಟೇ ಕೇಡು. ಗಡಿಯಾರ ನೋಡಿ ನೀರೆರೆಯುವುದಕ್ಕಿಂತ ಬೆರಳನ್ನು ಮಣ್ಣಿಗೆ ಊರಿ ನೋಡುವುದು ಲೇಸು. ಮೇಲ್ಮಣ್ಣು ಒಣಗುತ್ತ ಬಂದಾಗ, ತಟ್ಟೆಯ ತಳದ ರಂಧ್ರಗಳಿಂದ ಇಳಿದು ಹೋಗುವಷ್ಟು ನೀರು ಕೊಡಬೇಕು. ತಳದಲ್ಲಿ ನಿಂತ ನೀರು ಬೇರನ್ನು ಕೊಳೆಸುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮರವನ್ನು ಹೊರತೆಗೆದು, ಹೆಣೆದುಕೊಂಡ ಬೇರುಗಳನ್ನು ಸವರಿ, ಹೊಸ ಮಣ್ಣಿಗೆ ಕೂರಿಸಬೇಕು. ಕೊಂಬೆಯನ್ನು ಬಾಗಿಸಲು ಸುತ್ತಿದ ತಂತಿಯನ್ನು ತೊಗಟೆಯೊಳಕ್ಕೆ ಇಳಿಯುವ ಮುನ್ನವೇ ಬಿಚ್ಚಬೇಕು.

ಇದು ಮರಕ್ಕೆ ಕೊಡುವ ಹಿಂಸೆಯಲ್ಲವೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕತ್ತರಿಗಿಂತ ಕ್ರೂರವಾದುದು ಮರೆವು. ನೆಲದ ಮರಕ್ಕೆ ನೀರು ಸಿಗದಿದ್ದರೆ ಬೇರು ಇನ್ನಷ್ಟು ಆಳಕ್ಕೆ ಇಳಿದೀತು. ತಟ್ಟೆಯ ಮರಕ್ಕೆ ಆ ದಾರಿಯೇ ಇಲ್ಲ. ಬೇಸಗೆಯಲ್ಲಿ ಮನೆಯವರೆಲ್ಲ ಬಾಗಿಲಿಗೆ ಬೀಗ ಹಾಕಿ ನಾಲ್ಕು ದಿನ ಊರಿಗೆ ಹೊರಟರೆ ಅದರ ಆಯುಸ್ಸೇ ಮುಗಿಯಬಹುದು.

ಇದರ ಮುಂದೆ ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿರುವ ಬಿಳಿ ಪೈನ್ ಮರವೊಂದನ್ನು ನೆನೆಯಬೇಕು. 1625ರಿಂದ ಅದು ಮನುಷ್ಯರ ಆರೈಕೆಯಲ್ಲಿದೆ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ, ಸ್ಫೋಟದ ಸ್ಥಳದಿಂದ ಸುಮಾರು 3 ಕಿಲೋಮೀಟರ್ ದೂರದ ಯಾಮಾಕಿ ಮನೆತನದ ತೋಟದಲ್ಲಿ ಅದು ಇತ್ತು. ಮನೆಯ ಕಿಟಕಿಗಳ ಗಾಜು ಸಿಡಿದು ಒಳಗಿದ್ದವರಿಗೆ ಗಾಯಗಳಾದವು; ತೋಟದ ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ ಮಸಾರು ಯಾಮಾಕಿ ಅದನ್ನು ಅಮೆರಿಕಕ್ಕೆ ಕಾಣಿಕೆಯಾಗಿ ಕೊಟ್ಟರು. ಬಾಂಬು ಹಾಕಿದ ದೇಶಕ್ಕೆ! 2001ರಲ್ಲಿ ಅವರ ಮೊಮ್ಮಕ್ಕಳಿಬ್ಬರು ಅಜ್ಜನ ಮರವನ್ನು ನೋಡಲು ಅಲ್ಲಿಗೆ ಬಂದರು. ಇಪ್ಪತ್ತೈದು ವರ್ಷ ದಿನವೂ ಅದಕ್ಕೆ ನೀರೆರೆಯುತ್ತ ಬಂದಿದ್ದ ಉದ್ಯಾನದವರಿಗೆ, ಅದು ಹಿರೋಶಿಮಾದ ಆ ದಿನವನ್ನು ಕಂಡ ಮರವೆಂಬುದು ಆಗಲೇ ತಿಳಿದದ್ದು.